ಇಗರ್ಜಿಯ ಹಿತ್ತಲಿನ ಶಾಸನಗಳು

ಕರಾವಳಿಯ ಧರ್ಮಕೇಂದ್ರಗಳು ತರುವ ಶತಮಾನೋತ್ಸವದ ಸಂಚಿಕೆಗಳನ್ನು ಮುಂದೆ ಹರಡಿಕೊಂಡು ಕೂತರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಬಿಷಪರ ಸಂದೇಶ, ಶಾಸಕರ ಸಂದೇಶ, ಸೇವೆ ಸಲ್ಲಿಸಿದ ಧರ್ಮಗುರುಗಳ ಭಾವಚಿತ್ರ, ದಾನಿಗಳ ಪಟ್ಟಿ, ಇವೆಲ್ಲದರ ನಡುವೆ ಎರಡು ಪುಟ ಇಗರ್ಜಿಯ ಇತಿಹಾಸ. ಆ ಎರಡು ಪುಟಗಳಲ್ಲಿ ಸ್ಮಶಾನದ ಪಾಲಿಗೆ ಒಂದು ಸಾಲು: ಇಂಥ ಧರ್ಮಗುರುಗಳ ಕಾಲದಲ್ಲಿ ಸ್ಮಶಾನಕ್ಕೆ ಆವರಣ ಗೋಡೆ ಕಟ್ಟಲಾಯಿತು. ಗೋಡೆಯ ಒಳಗೆ ಏನಿದೆ ಎಂದು ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಬರೆಯಬೇಕಿತ್ತು. ಏಕೆಂದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಇಗರ್ಜಿಯ ಕಟ್ಟಡ ಎರಡು ಮೂರು ಸಲ ಬದಲಾಗಿದೆ. ಬದಲಾಗದೆ ನಿಂತಿರುವುದು ಅದರ ಹಿತ್ತಲಿನ ಸಮಾಧಿಗಳು, ಅವುಗಳಿಗೆ ಜೋಡಿಯಾಗಿ ಕಪಾಟಿನಲ್ಲಿ ಮಲಗಿರುವ ಮರಣ ದಾಖಲೆಯ ಪುಸ್ತಕ. ಒಂದು ಊರಿನ ಕಥೊಲಿಕ್ ಸಮುದಾಯದ ಚರಿತ್ರೆ ಬರೆಯಲು ಇವೆರಡಕ್ಕಿಂತ ನಂಬಲರ್ಹವಾದ ಸಾಮಗ್ರಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಒಳ್ಳೆಯ ಸಾಕ್ಷಿ ಹಳ್ಳಿಯಲ್ಲಲ್ಲ, ಮಂಗಳೂರು ಪೇಟೆಯ ನಡುವೆಯೇ ಇದೆ. ಬಿಷಪ್ ತೋಮಸ್ ಡಿ ಕಾಸ್ತ್ರೊ 1680ರಲ್ಲಿ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದರು. ಜಾಗ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. 1684ರಲ್ಲಿ ಬಿಷಪರು ತೀರಿಕೊಂಡಾಗ ಅವರನ್ನು ಅಲ್ಲಿಯೇ ಹೂಳಿದರು. ಅವರು ಕಟ್ಟಿಸಿದ ಇಗರ್ಜಿ ನೂರು ವರ್ಷ ದಾಟುವಷ್ಟರಲ್ಲಿ ನೆಲಸಮವಾಯಿತು. ಆಮೇಲೆ ಕಟ್ಟಿದ್ದೂ ಹೋಗಿ ಈಗಿರುವುದು ಇಪ್ಪತ್ತನೆಯ ಶತಮಾನದ್ದು. ಆದರೆ ಡಿ ಕಾಸ್ತ್ರೊ ಅವರ ಸಮಾಧಿ ಇಂದಿಗೂ ಅದೇ ಆವರಣದಲ್ಲಿದೆ.

ಹಳ್ಳಿಗಳಲ್ಲಿ ಅಷ್ಟು ಹಿಂದಿನ ಕಲ್ಲು ಸಿಗುವುದು ಅಪರೂಪ. ಗೋವೆಯಿಂದ ಕೆನರಾಕ್ಕೆ ಕೊಂಕಣಿ ಕ್ರೈಸ್ತರ ವಲಸೆ ಹದಿನಾರನೆಯ ಶತಮಾನದಲ್ಲೇ ಶುರುವಾಗಿತ್ತು. 1560ರಲ್ಲಿ ಗೋವೆಗೆ ಬಂದ ಇನ್‌ಕ್ವಿಸಿಷನ್, ಬಿಜಾಪುರದೊಂದಿಗಿನ ಯುದ್ಧಗಳು, ಬರ, ಮುಂದೆ ಮರಾಠರ ದಾಳಿಗಳು, ಹೀಗೆ ಒಂದೊಂದು ಏಟಿಗೂ ಒಂದೊಂದು ಅಲೆ ದಕ್ಷಿಣಕ್ಕೆ ಹರಿಯಿತು. ಬೇಸಾಯ ಬಲ್ಲವರೆಂದು ಕೆಳದಿಯ ಅರಸರು ಇವರಿಗೆ ನೆಲೆ ಕೊಟ್ಟರು. 1678ರಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಆಯಿತು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಪ್ರತ್ಯೇಕವಾದಾಗ ಪ್ರಧಾನ ದೇವಾಲಯದ ಪಟ್ಟ ಸಿಕ್ಕಿದ್ದು ಅದಕ್ಕೇ. ಗದ್ದೆ ಮಾಡಿದ ಕಡೆಯೆಲ್ಲ ಮೊದಲು ಒಂದು ಶಿಲುಬೆ, ಆಮೇಲೆ ಮುಳಿಹುಲ್ಲಿನ ಪ್ರಾರ್ಥನಾಲಯ, ಆಮೇಲೆ ಇಗರ್ಜಿ ಎಂಬ ಕ್ರಮದಲ್ಲಿ ಊರುಗಳು ಬೆಳೆದವು.

1784ರ ಫೆಬ್ರವರಿ, ಬೂದಿ ಬುಧವಾರ. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಅರುವತ್ತು ಸಾವಿರ ದಾಟುವವರೆಗೆ ಲೆಕ್ಕಗಳಿವೆ. ಇಪ್ಪತ್ತೇಳು ಇಗರ್ಜಿಗಳನ್ನು ಕೆಡವಲಾಯಿತು ಎಂಬುದು ಸಮುದಾಯದ ಚರಿತ್ರೆಗಳಲ್ಲಿ ಬರುವ ಸಂಖ್ಯೆ. ಮೂಡುಬಿದಿರೆಯ ಚೌಟ ಅರಸರ ಸ್ನೇಹದಿಂದ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ಇಗರ್ಜಿ ಉಳಿಯಿತು. ನೇತ್ರಾವತಿಯ ದಡದಲ್ಲಿ, ಫರಂಗಿಪೇಟೆಯ ಮೊಂತೆ ಮರಿಯಾನೊ ಕೂಡ ಉಳಿಯಿತು; ಅಲ್ಲಿನ ಪಾದ್ರಿ ಜೊವಾಕಿಂ ಡಿ ಮಿರಾಂಡಾ ಟಿಪ್ಪುವಿನ ತಂದೆ ಹೈದರನಿಗೆ ಬೇಕಾದವರಾಗಿದ್ದರು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರಿಗೆ ಹೆಸರು ಕೊರೆದ ಕಲ್ಲುಗಳಿಲ್ಲ. ಉಳಿದವರು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮರಳಿ ಬಂದು ಮತ್ತೆ ಮೊದಲಿನಿಂದ ಕಟ್ಟಿಕೊಂಡರು. ಹಾಗಾಗಿಯೇ ನಮ್ಮ ಹಳ್ಳಿ ಇಗರ್ಜಿಗಳ ಕಥೆ ಕಾಗದದ ಮೇಲೂ ಕಲ್ಲಿನ ಮೇಲೂ ಹತ್ತೊಂಬತ್ತನೆಯ ಶತಮಾನದಿಂದ ಸ್ಪಷ್ಟವಾಗುತ್ತ ಬರುತ್ತದೆ.

ಆ ಕಾಲದ ಕಟ್ಟಡಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನೋಡಿದವರೇ ಬಹಳ. ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮರದ ಅಟ್ಟಣಿಗೆ, ಮೇಲೆ ಮಂಗಳೂರು ಹಂಚು. ಹಂಚಿನ ವಿಷಯಕ್ಕೆ ಒಂದು ಎಚ್ಚರಿಕೆ ಮಾತ್ರ ಕೊಡಬೇಕು. ಇಗರ್ಜಿಯ ಮಾಡಿನಿಂದ ಇಳಿಸಿದ ಹಂಚಿನ ಬೆನ್ನಲ್ಲಿ ಬಾಸೆಲ್ ಮಿಷನ್, 1865 ಎಂದು ಕಂಡರೆ ಮಾಡು 1865ರದು ಎಂದು ಬರೆದುಬಿಡುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಅದೇ ಹಂಚಿನ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಯುದ್ಧದ ಹೊತ್ತಿಗೆ ಬ್ರಿಟಿಷರು ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಆ ಹೆಸರಿನ ಸಂಸ್ಥೆಗೆ ಒಪ್ಪಿಸಿದ್ದರು. ಅಲ್ಬುಕರ್ಕ್ ಹಂಚಾದರೆ ಅದರ ಕಾರ್ಖಾನೆ 1868ರಿಂದ. ಮಾಡು ಬಿಚ್ಚುವಾಗ ನಾಲ್ಕು ಹಂಚು ಎತ್ತಿಟ್ಟರೆ ಸಾಕು, ಕಟ್ಟಡದ ವಯಸ್ಸಿಗೆ ಒಂದು ಸುಳಿವು ಉಳಿದಂತೆ.

ಈಗ ಹಿತ್ತಲಿಗೆ ಬರೋಣ. ಮೊದಲು ಕಣ್ಣಿಗೆ ಬೀಳುವುದು ಬಾಗಿಲಿಂದ ನಡುವಿನ ಶಿಲುಬೆಯವರೆಗಿನ ದಾರಿಯ ಎರಡೂ ಬದಿಯ ದೊಡ್ಡ ಸಮಾಧಿಗಳು. ಇವು ಹಣ ಕಟ್ಟಿ ಕಾಯಂ ಮಾಡಿಕೊಂಡವು: ಪಟೇಲರು, ವಕೀಲರು, ಕಾಫಿ ತೋಟದವರು, ಮಕ್ಕಳು ಪಾದ್ರಿಗಳಾದ ಮನೆತನಗಳು. ಅದರ ಹಿಂದೆ ಸಿಮೆಂಟಿನ ಸಣ್ಣ ಶಿಲುಬೆಗಳ ಸಾಲು. ಇನ್ನೂ ಹಿಂದೆ ಬರಿಯ ಮಣ್ಣಿನ ದಿಬ್ಬ, ತಲೆಯ ಬಳಿ ನೆಟ್ಟ ಮರದ ಶಿಲುಬೆ. ಒಂದೆರಡು ಮಳೆಗಾಲ ಕಳೆದರೆ ಅದೂ ಇಲ್ಲ. ಆ ಗುಂಡಿಗಳನ್ನು ಕೆಲ ವರ್ಷಗಳ ಮೇಲೆ ಮತ್ತೆ ತೋಡುತ್ತಾರೆ, ಸಿಕ್ಕ ಎಲುಬುಗಳನ್ನು ಒಂದು ಗುಂಡಿಗೆ ಸೇರಿಸುತ್ತಾರೆ. ಬಾಮಣ, ಚಾರೊಡಿ, ಶೂದ್ರ ಎಂಬ ಜಾತಿಭೇದ ಇಗರ್ಜಿಯೊಳಗೂ ಬಹುಕಾಲ ನಡೆದದ್ದು ಸುಳ್ಳಲ್ಲ. ಸ್ಮಶಾನದಲ್ಲಿ ಎಲ್ಲರೂ ಸಮಾನರು ಎಂಬ ಮಾತನ್ನು ನಾವು ಪ್ರಸಂಗದಲ್ಲಿ ಕೇಳುತ್ತೇವೆ. ಸ್ಮಶಾನದ ನಕ್ಷೆ ಬರೆದು ನೋಡಿದರೆ ಬೇರೆ ಮಾತು ಹೇಳುತ್ತದೆ.

ಗೋಡೆಗೆ ತಾಗಿದ ಒಂದು ಮೂಲೆಯ ಬಗ್ಗೆ ಯಾವ ಸಂಚಿಕೆಯೂ ಬರೆಯುವುದಿಲ್ಲ. 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ, ಸ್ನಾನದೀಕ್ಷೆ ಆಗದೆ ತೀರಿಕೊಂಡವರಿಗೆ ಆಶೀರ್ವದಿಸಿದ ನೆಲದಲ್ಲಿ ಜಾಗವಿರಲಿಲ್ಲ. ಹುಟ್ಟಿದ ದಿನವೇ ಸತ್ತ ಹಸುಳೆಗಳು, ಬಾವಿಗೆ ಹಾರಿದ ಹೆಂಗಸರು, ಯಾರನ್ನು ಆ ಮೂಲೆಯಲ್ಲಿ ಹೂಳಿದರೂ ಗುರುತು ಇಡಲಿಲ್ಲ. 1983ರ ಸಂಹಿತೆ ಆ ಕಟ್ಟಳೆಯನ್ನು ಕೈಬಿಟ್ಟಿದೆ. ಪೋಷಕರು ಸ್ನಾನದೀಕ್ಷೆ ಕೊಡಿಸಬೇಕೆಂದಿದ್ದ ಮಗುವಿಗೆ ಇಂದು ಕ್ರಿಸ್ತೀಯ ಅಂತ್ಯಸಂಸ್ಕಾರ ಸಿಗಬಹುದು. ಆದರೆ ಹಳೆಯ ಮೂಲೆ ಎಲ್ಲಿತ್ತು ಎಂದು ಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಹಿರಿಯರು ಮಾತ್ರ. ವಾಹನ ನಿಲ್ಲಿಸುವ ಜಾಗಕ್ಕೆ ಇಂಟರ್‌ಲಾಕ್ ಹಾಸುವಾಗ ಮೊದಲು ಬಲಿಯಾಗುವುದು ಇಂಥ ಗುರುತಿಲ್ಲದ ಮೂಲೆಯೇ. ಹಿರಿಯರನ್ನು ಕೇಳಿ ನಕ್ಷೆಯಲ್ಲಿ ಅದಕ್ಕೊಂದು ಗೆರೆ ಎಳೆದಿಡುವುದು ನಾವು ತೀರಿಸಬೇಕಾದ ಹಳೆಯ ಋಣ.

ಇನ್ನು ಬರಹ. ಒಂದು ಹಳೆಯ ಕರಿಕಲ್ಲಿನ ಚಪ್ಪಡಿಯ ಮುಂದೆ ಮಂಡಿಯೂರಿ ಕೂತು ನೋಡಿ. ನಡು ಮಧ್ಯಾಹ್ನ ಏನೂ ಕಾಣದು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಅಂಚಿಗೆ ನೆರಳು ಕಟ್ಟುತ್ತದೆ, ಆಗ ಸಾಲುಗಳು ಎದ್ದು ಬರುತ್ತವೆ. ಮೇಲೆ ಒಂದು ಶಿಲುಬೆ. ಕೆಳಗೆ ಕನ್ನಡ ಲಿಪಿಯಲ್ಲಿ ಕೊಂಕಣಿ: ಹಾಂಗಾ ವಿಶೆವ್ ಘೆತಾ, ಅಂದರೆ ಇಲ್ಲಿ ವಿಶ್ರಮಿಸುತ್ತಿದ್ದಾರೆ. ಹೆಸರು, ಮನೆತನ, ವಯಸ್ಸು, ತೀರಿದ ದಿನ. ಕೊರೆದವನು ಕನ್ನಡ ಬಲ್ಲ, ಕೊಂಕಣಿ ಅರಿಯದ ಕಲ್ಲುಕುಟಿಗನಾಗಿದ್ದರೆ ಒತ್ತಕ್ಷರ ತಪ್ಪುತ್ತದೆ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರ ಕಿರಿದಾಗುತ್ತದೆ. ಪಕ್ಕದ ಕಲ್ಲು ಇಂಗ್ಲಿಷಿನಲ್ಲಿರುತ್ತದೆ, ಪಾದ್ರಿಗಳದಾದರೆ ಲ್ಯಾಟಿನ್ ಇರಬಹುದು. ಪೋರ್ಚುಗೀಸ್ ಪದ್ಧತಿಯ ಹಳೆಯ ಚಪ್ಪಡಿಗಳಲ್ಲಿ ಇಂಥವನ ಮತ್ತು ಅವನ ವಾರಸುದಾರರ ಸಮಾಧಿ ಎಂದು ಕೊರೆಯುವ ರೂಢಿಯಿತ್ತು. ಗೋವೆಯ ಇಗರ್ಜಿಗಳ ನೆಲದಲ್ಲಿ ಅಂಥವು ಹೇರಳ. ಪ್ರಾರ್ಥನೆಗಿಂತ ಅದು ಆಸ್ತಿಯ ಹಕ್ಕುಪತ್ರ, ನಮ್ಮ ದಾನಶಾಸನಗಳಂತೆ.

ಈ ಹೋಲಿಕೆಯನ್ನು ನಾನು ಸುಮ್ಮನೆ ತಂದಿಲ್ಲ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ಹೊರತಂದ ಮೇಲೆ ಕನ್ನಡ ನಾಡು ತನ್ನ ಸಾವಿನ ಕಲ್ಲುಗಳನ್ನು ಓದುವುದನ್ನು ಕಲಿಯಿತು. ವೀರಗಲ್ಲು, ಮಾಸ್ತಿಕಲ್ಲು, ಶ್ರವಣಬೆಳಗೊಳದ ನಿಸಿಧಿ ಬರಹಗಳಿಂದ ರಾಜರ ಕಾಲವನ್ನೂ ಸಾಮಾನ್ಯರ ಬದುಕನ್ನೂ ಹೊಂದಿಸಿದರು. ಮೂಡುಬಿದಿರೆಯ ಕೊಡಂಗಲ್ಲಿನ ಜೈನ ಸಮಾಧಿಗಳನ್ನು ನೋಡಲು ಇಂದಿಗೂ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಾರೆ. ಅಲ್ಲಿಂದ ದೂರವೇನೂ ಇಲ್ಲದ ಇಗರ್ಜಿಯ ಸ್ಮಶಾನಕ್ಕೆ ಯಾರೂ ಕರೆದೊಯ್ಯುವುದಿಲ್ಲ. ಬ್ರಿಟಿಷರು ತಮ್ಮವರ ಗೋರಿಗಳನ್ನು ಮರೆಯಲಿಲ್ಲ: ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲೇ ಮದ್ರಾಸ್ ಪ್ರಾಂತ್ಯದ ಸಮಾಧಿ ಬರಹಗಳ ಪಟ್ಟಿಯನ್ನು ಅಚ್ಚು ಹಾಕಿಸಿದ್ದ. ಕಲೆಕ್ಟರ್, ಕ್ಯಾಪ್ಟನ್, ಅವರ ಹೆಂಡಂದಿರು ಅದರಲ್ಲಿದ್ದಾರೆ. ನಮ್ಮ ಗದ್ದೆ ಮಾಡಿದವರು ಅಂಥ ಪಟ್ಟಿಗೆ ಬರುವವರಲ್ಲ. ಅವರ ಪಟ್ಟಿ ಮಾಡುವ ಕೆಲಸ ಇನ್ನೂ ಬಾಕಿ ಇದೆ.

ಕಲ್ಲು ಇಲ್ಲದವರ ಗತಿ? ಅವರಿಗಾಗಿಯೇ ಪುಸ್ತಕ ಇದೆ. ಟ್ರೆಂಟ್ ಮಹಾಸಭೆ 1563ರಲ್ಲಿ ಮದುವೆಯ ದಾಖಲೆ ಕಡ್ಡಾಯ ಮಾಡಿತು. 1614ರ ರೋಮನ್ ವಿಧಿಗ್ರಂಥ ಮರಣ ದಾಖಲೆಯ ಮಾದರಿಯನ್ನೂ ಕೊಟ್ಟಿತು. ಸತ್ತವರ ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು, ಕೊನೆಯ ಸಂಸ್ಕಾರಗಳು ಸಿಕ್ಕವೇ, ಎಲ್ಲಿ ಹೂಳಲಾಯಿತು. ಸರ್ಕಾರಕ್ಕೆ ಈ ಅಕ್ಕರೆ ಬಂದದ್ದು ಬಹಳ ತಡವಾಗಿ. ಮದ್ರಾಸ್ ಪ್ರಾಂತ್ಯದ ಜನನ ಮರಣ ನೋಂದಣಿ ಕಾಯಿದೆ 1899ರದು, ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ 1969ರದು. ಅಂದರೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಕೂಲಿ ಹೆಂಗಸು ಯಾವ ದಿನ ಸತ್ತಳು ಎಂಬುದಕ್ಕೆ ಹಳ್ಳಿಗಾಡಿನಲ್ಲಿ ಸಾಕ್ಷಿ ಇದ್ದರೆ ಅದು ಇಗರ್ಜಿಯ ಕಪಾಟಿನಲ್ಲಿ. ಕಾಲರಾ, ಸಿಡುಬು, ಮಲೇರಿಯಾ, 1918ರ ಇನ್‌ಫ್ಲುಯೆಂಜಾ ಊರಿಗೆ ಎಷ್ಟು ಕಾಟ ಕೊಟ್ಟವು ಎಂದು ತಿಳಿಯಬೇಕಾದವರು ಪುಟ ತಿರುಗಿಸಿ ಒಂದೊಂದು ತಿಂಗಳಿಗೆ ಎಷ್ಟು ಸಾಲು ಇದೆ ಎಂದು ಎಣಿಸಿದರೆ ಸಾಕು. ಹೆರಿಗೆಯಲ್ಲಿ ಸತ್ತ ತಾಯಿ, ಅದೇ ವಾರ ಸತ್ತ ಮಗು ಒಂದರ ಕೆಳಗೆ ಒಂದು ಸಿಗುತ್ತಾರೆ.

ಇಂಥ ಪುಸ್ತಕಗಳ ಸ್ಥಿತಿ ಹೇಳುವಂತಿಲ್ಲ. ಹಳೆಯ ಕಬ್ಬಿಣದ ಮಸಿ ಕಾಗದವನ್ನು ತಿನ್ನುತ್ತದೆ. ಅಕ್ಷರ ಇದ್ದಲ್ಲಿ ಅಕ್ಷರದಾಕಾರದ ತೂತು ಉಳಿಯುತ್ತದೆ. ಗೆದ್ದಲು ಬೇರೆ. ಎಲ್ಲಕ್ಕಿಂತ ಹಾನಿ ಮಾಡಿದ್ದು ಒಳ್ಳೆಯ ಉದ್ದೇಶದ ಲ್ಯಾಮಿನೇಷನ್ ಮತ್ತು ಸೆಲ್ಲೋಟೇಪು.

ಕಟ್ಟಡಗಳು ಹೋದದ್ದು ಹೇಗೆ ಎಂಬುದಕ್ಕೆ ಮೂರು ಕಾರಣಗಳು ಒಂದರ ಹಿಂದೆ ಒಂದು ಬಂದವು. ಎರಡನೆಯ ವ್ಯಾಟಿಕನ್ ಮಹಾಸಭೆ 1965ಕ್ಕೆ ಮುಗಿಯಿತು. ಪಾದ್ರಿಗಳು ಜನರತ್ತ ಮುಖ ಮಾಡಿ ಪೂಜೆ ಅರ್ಪಿಸತೊಡಗಿದರು, ಲ್ಯಾಟಿನ್ ಹೋಗಿ ಕೊಂಕಣಿ, ಕನ್ನಡ ಬಂದವು. ಅದು ಬಹಳ ಒಳ್ಳೆಯದೇ ಆಯಿತು. ಆದರೆ ಆ ಉತ್ಸಾಹದಲ್ಲಿ ಮರದ ಕೆತ್ತನೆಯ ಎಷ್ಟೋ ಹಳೆಯ ಪೀಠಗಳನ್ನು ಕಳಚಿಹಾಕಿದರು. ಕಳಚಿ ಎಂದು ಮಹಾಸಭೆ ಹೇಳಿರಲಿಲ್ಲ. ಎರಡನೆಯದು 1974ರ ಭೂಸುಧಾರಣೆ. ಉಳುವವನಿಗೇ ಹೊಲ ಸಿಕ್ಕಿತು, ಸಿಗಬೇಕಾದದ್ದೇ. ಗೇಣಿ ಅಕ್ಕಿಯಿಂದ ಮಾಡು ರಿಪೇರಿ ನಡೆಸುತ್ತಿದ್ದ ಇಗರ್ಜಿಗಳ ಆದಾಯ ಮಾತ್ರ ಅಲ್ಲಿಗೆ ನಿಂತಿತು. ಮೂರನೆಯದು ಕೊಲ್ಲಿ ರಾಷ್ಟ್ರಗಳ ದುಡ್ಡು. ರಿಪೇರಿಗೆ ಹಣವಿಲ್ಲದ ಹಳೆಯ ಕಟ್ಟಡ, ಹೊಸದಕ್ಕೆ ಧಾರಾಳ ದಾನಿಗಳು. ಪರಿಣಾಮ ಏನಾಗಬೇಕೋ ಅದೇ ಆಯಿತು. ಜನ ಹೆಚ್ಚಿದರು, ಜಾಗ ಸಾಲಲಿಲ್ಲ ಎಂಬುದೂ ನಿಜ. ಆದರೆ ಉಳಿದ ಹಳೆಯ ಗೋಡೆಗಳಿಗೂ ಸಿಮೆಂಟ್ ಬಳಿದದ್ದಕ್ಕೆ ಆ ಸಮರ್ಥನೆ ಇಲ್ಲ. ಮುರಕಲ್ಲು ನೀರು ಕುಡಿಯುವ ಕಲ್ಲು, ಸುಣ್ಣದ ಗಾರೆ ಆ ನೀರನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಆ ಗೋಡೆ ಒಳಗಿಂದ ಕೊಳೆಯುತ್ತದೆ.

ಘಟ್ಟದ ಮೇಲಿನ ಒಂದು ಉದಾಹರಣೆ ಎಲ್ಲರಿಗೂ ಗೊತ್ತಿದೆ. ಹಾಸನದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಇಗರ್ಜಿ 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ಊರು ಎದ್ದು ಹೋಯಿತು. ಮಳೆಗಾಲದಲ್ಲಿ ಕಮಾನುಗಳವರೆಗೆ ನೀರು, ಬೇಸಿಗೆಯಲ್ಲಿ ಒಣ ನೆಲ. ಮಾಡಿಲ್ಲದ ಗೋಡೆಗಳ ನಡುವೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬರುತ್ತಾರೆ. ಈಚಿನ ವರ್ಷಗಳಲ್ಲಿ ಗೋಡೆಗಳು ಒಂದೊಂದಾಗಿ ಕುಸಿಯುತ್ತಿವೆ. ಪತ್ರಿಕೆಗಳಲ್ಲಿ ಬರುವುದೆಲ್ಲ ಅದರ ಗೋಥಿಕ್ ಕಮಾನಿನ ಚೆಲುವು. ಅಲ್ಲಿ ಮೊಣಕಾಲೂರಿದ ಜನರ ಹೆಸರುಗಳು ಯಾವ ಬರಹದಲ್ಲೂ ಬರುವುದಿಲ್ಲ. ಪಾಳು ಕಟ್ಟಡಕ್ಕೆ ಪ್ರವಾಸಿಗಳ ಮೆಚ್ಚುಗೆ ಸಿಗುತ್ತದೆ, ಆದರೆ ಅದನ್ನು ಪರಂಪರೆ ಉಳಿಯಿತು ಎನ್ನಲು ನನಗೆ ಮನಸ್ಸು ಬಾರದು.

ಸರ್ಕಾರದ ರಕ್ಷಣೆ ಬರಲಿ ಎಂದು ಕಾಯುವುದೂ ವ್ಯರ್ಥ. ರಾಜ್ಯದಲ್ಲಿ 1961ರ ಸ್ಮಾರಕ ಸಂರಕ್ಷಣಾ ಕಾಯಿದೆ ಇದೆ ನಿಜ, ಆದರೆ ಇಂದಿಗೂ ಹೂಳುತ್ತಿರುವ ಹಳ್ಳಿಯ ಸ್ಮಶಾನವನ್ನು ಸ್ಮಾರಕ ಎಂದು ಘೋಷಿಸುವುದು ಊರವರಿಗೂ ಬೇಡ, ಇಲಾಖೆಗೂ ಬೇಡ. ಬೇಕಾದ ಅಧಿಕಾರ ನಮ್ಮ ಕೈಯಲ್ಲೇ ಇದೆ. 1983ರ ಸಂಹಿತೆಯ 535ನೇ ವಿಧಿ ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ಜೋಪಾನವಾಗಿ ಇಡಬೇಕೆನ್ನುತ್ತದೆ. 1216ನೇ ವಿಧಿ ದೇವಾಲಯ ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ತಜ್ಞರ ಸಲಹೆ ಪಡೆಯಿರಿ ಎನ್ನುತ್ತದೆ. 1283ನೇ ವಿಧಿ ಬೆಲೆಬಾಳುವ ಮತ್ತು ಸಾಂಸ್ಕೃತಿಕ ಮಹತ್ವದ ವಸ್ತುಗಳ ಪಟ್ಟಿ ಮಾಡಿಡಲು ಹೇಳುತ್ತದೆ. 1999ರಲ್ಲಿ ವ್ಯಾಟಿಕನ್ನಿನ ಸಾಂಸ್ಕೃತಿಕ ಪರಂಪರೆಯ ಆಯೋಗ ಇಂಥ ಪಟ್ಟಿ ಏಕೆ ತುರ್ತು ಎಂದು ಒಂದು ಸುತ್ತೋಲೆಯನ್ನೇ ಹೊರಡಿಸಿತು. ಪಾಲನಾ ಮಂಡಳಿಯ ಸಭೆಯಲ್ಲಿ ಇವನ್ನು ಓದಿ ಹೇಳಿದರೆ ತಕರಾರು ಎತ್ತುವವರು ಇರಲಾರರು.

ಹಾಗಾದರೆ ಈ ವರ್ಷ ಮಾಡಬೇಕಾದ ಕೆಲಸ ಇಷ್ಟು. ನವೆಂಬರ್ 2ರಂದು, ಸಕಲ ಮೃತರ ದಿನ, ಹೇಗೂ ಎಲ್ಲ ಮನೆಯವರೂ ಹೂ, ಮೇಣದಬತ್ತಿ ಹಿಡಿದು ಸ್ಮಶಾನಕ್ಕೆ ಬರುತ್ತೀರಿ. ಅದಕ್ಕೆ ಮೊದಲು ಸ್ವಚ್ಛ ಮಾಡುವ ಶ್ರಮದಾನವೂ ನಡೆಯುತ್ತದೆ. ಆ ಶ್ರಮದಾನದಲ್ಲಿ ಆ್ಯಸಿಡ್ ಬಳಸಬೇಡಿ, ತಂತಿಯ ಬ್ರಶ್ ಹಿಡಿಯಬೇಡಿ. ನೀರು ಮತ್ತು ಮೆದು ಬ್ರಶ್ ಸಾಕು. ಹಳೆಯ ಅಕ್ಷರದ ಮೇಲೆ ಹೊಸ ಪೇಂಟ್ ತೀಡಬೇಡಿ, ತಪ್ಪು ಓದಿ ತೀಡಿದರೆ ನಿಜ ಅಕ್ಷರ ಶಾಶ್ವತವಾಗಿ ಹೋಯಿತು. ಪ್ರತಿ ವಾಳೆಯ, ಅಂದರೆ ಧರ್ಮಕೇಂದ್ರದ ವಾರ್ಡಿನ, ಗುರಿಕಾರರು ತಮ್ಮ ವಾಳೆಯ ಸಮಾಧಿಗಳಿಗೆ ಒಂದೊಂದು ಸಂಖ್ಯೆ ಕೊಡಲಿ, ಓರೆ ಬೆಳಕಿನಲ್ಲಿ ಫೋಟೊ ತೆಗೆಯಲಿ, ಬರಹವನ್ನು ತಪ್ಪಿದ್ದರೆ ತಪ್ಪಿರುವಂತೆಯೇ ನೋಟ್‌ಬುಕ್ಕಿಗೆ ಇಳಿಸಲಿ. ಮೊಬೈಲ್ ಇಲ್ಲದ ಯುವಕ ಯುವತಿಯರು ಧರ್ಮಕೇಂದ್ರದಲ್ಲಿ ಯಾರೂ ಇಲ್ಲ. ಮರಣ ದಾಖಲೆಯ ಪುಟಗಳನ್ನು ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಇಗರ್ಜಿಯಲ್ಲಿ, ಒಂದು ಪ್ರತಿ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಇರಲಿ. ಜಾಗ ಸಾಲದೆ ಹಳೆಯ ಚಪ್ಪಡಿ ತೆಗೆಯಲೇಬೇಕಾದರೆ ಅದನ್ನು ಬಟ್ಟೆ ಒಗೆಯುವ ಕಲ್ಲು ಮಾಡದೆ ಸ್ಮಶಾನದ ಗೋಡೆಗೆ ನಿಲ್ಲಿಸಿ. ಶತಮಾನೋತ್ಸವ ಸಂಚಿಕೆಯ ಸಮಿತಿಯಲ್ಲಿ ಹಬ್ಬದ ಖರ್ಚು ಕಳೆದು ಹಣ ಉಳಿದರೆ, ಇನ್ನೊಂದು ಕಮಾನಿಗೆ ಹಾಕುವ ಮೊದಲು ಈ ಪಟ್ಟಿಯನ್ನು ಅಚ್ಚು ಹಾಕಿಸಿ ಎಂದು ನನ್ನ ವಿನಂತಿ.